ಇಳಕಲ್ ಸೀರೆ ಉಟ್ಟ ಹವಾಯಿ ದೀಪ

ಗಾಂಧಿನಗರ, ಬಳ್ಳಾರಿ
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಶಬನಂಗೆ ಸಲಾಂ.

ಅತ್ತೆಯವರ ಸೊಂಟ ಹೇಗಿದೆ? ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬರುತ್ತಾರೆ ಎಂದು ನೀನು ಹೋದ ವಾರ ಹೇಳಿದೆ. ಈಗ ಅಂಗಳಕ್ಕೆ ಇಳಿಯುತ್ತಾರೆಯೇ? ಬಚ್ಚಲಿನ ಹತ್ತಿರ ಗೋಣಿಚೀಲ ಹಾಸಬೇಡ, ಅದರ ಅಂಚಿಗೆ ಕಾಲು ತೊಡರುತ್ತದೆ. ನಿನ್ನ ಮೊಣಕಾಲಿನ ಬಗ್ಗೆ ನೀನು ಏನೂ ಹೇಳುವುದಿಲ್ಲ. ಆದ್ದರಿಂದ ಅದು ನೋಯುತ್ತಿದೆ ಎಂದು ತಿಳಿದುಕೊಂಡಿದ್ದೇನೆ. ನಾನು ಚೆನ್ನಾಗಿದ್ದೇನೆ. ಅನ್ನ ಒಂದು ಹದಕ್ಕೆ ಬಂದಿದೆ. ಪುಂಡಿಪಲ್ಯ ಮಾತ್ರ ನೀನು ಹೇಳಿದ ಹಾಗೆಯೇ ಮಾಡಿದರೂ ನಿನ್ನದರಂತೆ ಆಗುವುದಿಲ್ಲ. ಕೆಳಗಿನ ಝೆರಾಕ್ಸ್ ಅಂಗಡಿಯ ಹುಲುಗೇಶ್ ಒಂದು ದಿನ ರುಚಿ ನೋಡಿ, "ಸರ, ಹುಳಿ ಐತಿ, ಉಪ್ಪು ಐತಿ, ಆದ್ರ ಪಲ್ಯ ಎಲ್ಲೈತ್ರೀ?" ಎಂದು ಕೇಳಿದ. ಮರುದಿನ ಅವನ ಮನೆಯಿಂದ ಬುತ್ತಿ ಬಂತು.

ಫೋನಿನಲ್ಲಿ ನಾನು ಹೂಂ ಎನ್ನುವುದರ ಹೊರತು ಬೇರೇನೂ ಮಾತನಾಡುವುದಿಲ್ಲ ಎಂಬ ನಿನ್ನ ದೂರು ನಿಜ. "ನಿಮ್ಮ ಹೂಂ ತಗೊಂಡು ನಾ ಏನ್ ಮಾಡ್ಲಿ? ಬಾಯಾಗ ಬರಂಗಿಲ್ಲಂದ್ರ ಬರದು ಕಳಸ್ರಿ" ಎಂದು ನೀನು ಹೇಳಿದೆ. ಅದಕ್ಕೇ ಬರೆಯುತ್ತಿದ್ದೇನೆ. ರಂಜಾನ್ ತಿಂಗಳಲ್ಲಿ ಅತ್ತೆಯವರು ಬಿದ್ದರೆಂದು ಸಿರುಗುಪ್ಪಕ್ಕೆ ಹೋದವಳು ನೀನು. ಬಕ್ರೀದಿಗೆ ನಾನು ಅಲ್ಲಿಗೆ ಬಂದಾಗ ಒಲೆಯ ಮುಂದೆ ಕೂತು, ನನ್ನ ಕಡೆಗೆ ನೋಡದೆ ಕೇಳಿದೆ: "ಅಮ್ಮನ್ನ ಬಿಟ್ಟು ನಾ ಬರಂಗಿಲ್ಲ. ಅಮ್ಮ ಈ ಮನಿ ಬಿಟ್ಟು ಬರಂಗಿಲ್ಲ. ನೀವು ಇಲ್ಲಿ ಬಂದು ಇರ್ತೀರೋ, ಇಲ್ಲಾ ನನ್ನ ಸವತ್ಯಾರ ಜೊತಿ ಅಲ್ಲೇ ಇರ್ತೀರೋ?" ಸವತಿಯರು ಎಂದರೆ ನಾನು ಕೂಡಿಹಾಕಿದ ಹವಾಯಿ ದೀಪಗಳು, ಆ ದೂರದ ದ್ವೀಪಗಳ ಹೆಂಗಸರ ಬೊಂಬೆಯಿರುವ ಹಳೆಯ ಟೇಬಲ್ ದೀಪಗಳು. ನಾನು ಆಗಲೂ ಹೂಂ ಎಂದೆ. ಯಾವುದಕ್ಕೆ ಹೂಂ ಎಂದೆ ಎಂದು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಐದು ತಿಂಗಳಾಯಿತು. ಉತ್ತರ ಕೊಡಬೇಕು. ಆದರೆ ಅದಕ್ಕೆ ಮೊದಲು ಹೊಸದೊಂದು ದೀಪದ ಸುದ್ದಿ ಹೇಳಬೇಕು, ಬೇಸರಪಡಬೇಡ. ಅದನ್ನು ಬಿಟ್ಟು ಉತ್ತರ ಬರೆಯಲು ಕೂತರೆ ಮಾತು ಕ್ರಮವಾಗಿ ಬರುತ್ತಿಲ್ಲ.

ಕುರುಗೋಡಿನ ಕರಿಬಸವ ಎಂಬುವವರು ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದಾರೆ. ಅದರ ಕಾಗದಪತ್ರಗಳ ನಕಲು ಮಾಡಿಸಲು ಹುಲುಗೇಶನ ಅಂಗಡಿಗೆ ಬಂದಿದ್ದರು. ಕರೆಂಟು ಹೋಯಿತು. ಹುಲುಗೇಶ್ ಅವರನ್ನು ಚಹಾ ಕುಡಿಯಲು ಮೇಲೆ ಕರೆತಂದ. ಅವರು ಬಾಗಿಲಲ್ಲೇ ನಿಂತು ಶೆಲ್ಫಿನ ಮೇಲಿನವರನ್ನೆಲ್ಲ ನೋಡಿದರು. ತೆಂಗಿನ ಮರದ ಕೆಳಗೆ ಪುಟ್ಟ ತಂತಿವಾದ್ಯ ಹಿಡಿದು ಕೂತವಳು, ಅನಾನಸಿನ ಆಕಾರದ ದೀಪ, ಹಲ್ಲು ಕಿರಿದ ಮರದ ಮುಖದ ದೀಪ, ಕೊನೆಗೆ ನೀನು ಪುಂಡಿ ನಾರಿನಲ್ಲಿ ಲಂಗ ಮಾಡಿಕೊಟ್ಟ ಆ ಕುಣಿಯುವವಳು. ಅವಳನ್ನು ನೋಡಿ, "ಇಂಥಾಕಿ ಒಬ್ಬಾಕಿ ನಮ್ಮ ಮನ್ಯಾಗೂ ಅದಾಳ್ರಿ. ಆದ್ರ ಅಕಿ ಸೀರಿ ಉಟ್ಟಾಳ" ಎಂದರು. ನನ್ನ ಕೈಯಲ್ಲಿದ್ದ ಚಹಾ ಅಲ್ಲೇ ಆರಿತು.

ಮರುದಿನವೇ ಕುರುಗೋಡಿನ ಬಸ್ಸು ಹತ್ತಿದೆ. ಕರಿಬಸವನ ತಂದೆ ಗಾದೆಪ್ಪನವರು ಒಂದು ಕಾಲಕ್ಕೆ ಅದಿರಿನ ಲಾರಿಯ ಡ್ರೈವರು. ಗೋವಾದ ಬಂದರಿಗೆ ಹೋಗಿ ಬರುತ್ತಿದ್ದ ದಿನಗಳಲ್ಲಿ, ಹಡಗಿನಲ್ಲಿ ದುಡಿದಿದ್ದ ಯಾರದೋ ಮನೆಯ ಸಾಮಾನು ಮಾರುತ್ತಿದ್ದಾಗ ಈ ದೀಪವನ್ನು ತಂದರಂತೆ. ಮೊಳದಷ್ಟು ಎತ್ತರದ ಎರಕದ ಹೆಂಗಸು. ಕೊರಳಲ್ಲಿ ಹೂವಿನ ಹಾರ, ಒಂದು ಕೈ ಮೇಲಕ್ಕೆ, ಒಂದು ಕೈ ಸೊಂಟದ ಪಕ್ಕಕ್ಕೆ, ಹಿಂದೆ ದೀಪದ ಕಂಬ. ಪೀಠದೊಳಗೆ ಮೋಟಾರು. ಮೋಟಾರಿನಿಂದ ಒಂದು ಸರಳು ಕಾಲಿನೊಳಗಿಂದ ಮೇಲೆ ಹೋಗಿ ಸೊಂಟವನ್ನು ಅತ್ತಿತ್ತ ತೂಗುತ್ತದೆ. ನಮ್ಮಲ್ಲಿರುವವಳ ಹಾಗೆಯೇ, ಆದರೆ ಇವಳ ಮುಖ ಇನ್ನೂ ತಿದ್ದಿದಂತಿದೆ. ಗಾದೆಪ್ಪನವರು ತಂದ ದಿನವೇ ಅದನ್ನು ನೇರವಾಗಿ ಗೋಡೆಯ ಸ್ವಿಚ್ಚಿಗೆ ಹಾಕಿದರಂತೆ. ಅದು ನೂರಾಹತ್ತು ವೋಲ್ಟಿನ ಮೋಟಾರು, ನಮ್ಮ ಕರೆಂಟು ಅದರ ಎರಡರಷ್ಟು. ಓಣಿಯವರೆಲ್ಲ ಸೇರಿದ್ದರು. "ಎಲ್ಡು ನಿಮಿಷ ಕುಣದ್ಲು ನೋಡ್ರಿ, ಆಮ್ಯಾಲ ಹೊಗಿ ಬಂತು" ಎಂದರು ಗಾದೆಪ್ಪ. ಅವರ ಹೆಂಡತಿ ಊರಮ್ಮ ಒಳಗಿನಿಂದಲೇ, "ಹೊಗಿ ಅಲ್ಲ, ಅಷ್ಟು ಮಂದಿ ಗಂಡಸರು ಬಾಯಿ ತಕ್ಕೊಂಡು ನೋಡಿದ್ಕ ನಾಚಿ ನಿಂತ್ಲು" ಎಂದರು. ಈ ಮಾತು ಆ ಮನೆಯಲ್ಲಿ ಹಲವು ಸಲ ನಡೆದಿದೆ ಎಂದು ಇಬ್ಬರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ದೀಪ ಹೊರಗೆ ಬಂತು. ನಾನು ಸುಳ್ಳು ಹೇಳುವುದಿಲ್ಲ, ಮೊದಲು ನಗು ಬಂತು. ಆಕೆ ಕೆಂಪು ದಡಿಯ ಇಳಕಲ್ ಸೀರೆ ಉಟ್ಟಿದ್ದಾಳೆ. ಖಣದ ಕುಬಸ ತೊಟ್ಟಿದ್ದಾಳೆ. ಮೇಲೆತ್ತಿದ ಕೈಗೆ ತೋಳು ಸೇರಿಸಲು ಊರಮ್ಮ ಪಟ್ಟ ಕಷ್ಟ ಹೊಲಿಗೆಯಲ್ಲಿ ಕಾಣುತ್ತದೆ. ಸೊಂಟ ಮಾತ್ರ ಅಕ್ಕಿಮೂಟೆಯಷ್ಟು ದಪ್ಪ. ಯಾಕೆಂದರೆ ಪ್ರತಿ ಉಗಾದಿಗೆ ಅವರು ಹೊಸ ಸೀರೆಯನ್ನು ಹಳೆಯದರ ಮೇಲೆಯೇ ಉಡಿಸಿ ಹೊಲಿದುಬಿಟ್ಟಿದ್ದಾರೆ. ಹಳೆಯದನ್ನು ಬಿಚ್ಚಲಿಲ್ಲವೇಕೆ ಎಂದು ಕೇಳಿದೆ. ಊರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಪಡಸಾಲ್ಯಾಗ ಇರಾಕಿ. ಬರೋರು ಹೋಗೋರು ಇರ್ತಾರ. ಎಲ್ಲಿ ನಿಂದ್ರಿಸಿ ಬಿಚ್ಚಲಿ?" ಎಂದರು. 

ನೀನು ಒಮ್ಮೆ, ಈ ದೀಪಗಳಲ್ಲಿ ನಿಮಗೆ ಏನು ಕಾಣುತ್ತದೆ ಎಂದು ಕೇಳಿದ್ದೆ. ಗಣಿ ಕಂಪನಿಯೊಂದರ ಗೆಸ್ಟ್‌ಹೌಸ್ ಮುಚ್ಚಿದಾಗ ಸೋಫಾಗಳ ನಡುವೆ ಕೈ ಮುರಿದುಕೊಂಡು ಬಿದ್ದಿದ್ದವಳನ್ನು ಮನೆಗೆ ತಂದ ದಿನ ಅದು. ಆಗ ಹೇಳಲು ಬರಲಿಲ್ಲ. ಇವನ್ನೆಲ್ಲ ಮಾಡಿದವರು ಎಪ್ಪತ್ತು ವರ್ಷದ ಹಿಂದೆ ಎಲ್ಲೋ ಚಳಿಯ ಊರಿನ ಕಾರ್ಖಾನೆಯಲ್ಲಿ ದುಡಿದವರು. ಅವರಲ್ಲಿ ಬಹಳ ಜನ ಹವಾಯಿ ದ್ವೀಪಗಳನ್ನು ನೋಡಿರಲಾರರು, ಕೊಂಡವರೂ ಅಷ್ಟೆ. ನಾನು ಓದುವ ಕಾದಂಬರಿಗಳ ಮೂಲಭಾಷೆಗಳೂ ನನಗೆ ಗೊತ್ತಿಲ್ಲ. ಯಾರೋ ಕನ್ನಡಕ್ಕೆ ದಾಟಿಸಿ ಕೊಟ್ಟದ್ದನ್ನು ಓದಿಯೇ ಆ ಊರುಗಳ ಹಿಮ ನನಗೆ ಪರಿಚಯ. ಊರಮ್ಮನ ಪಡಸಾಲೆಯಲ್ಲಿ ಕೂತಾಗ ಇದು ನೆನಪಾಯಿತು. ಅವರೂ ತಮಗೆ ತಿಳಿದ ಹಾಗೆ ಆಕೆಯನ್ನು ಕುರುಗೋಡಿಗೆ ದಾಟಿಸಿಕೊಂಡಿದ್ದಾರೆ.

ಬೆಲೆಯ ಮಾತು ಬೇಗ ಮುಗಿಯಿತು. ಹೊಸ ಮನೆಯಲ್ಲಿ ಷೋಕೇಸ್ ಇಲ್ಲವಂತೆ, ಮೊಮ್ಮಕ್ಕಳು ಕೈ ಹಿಡಿದು ಎಳೆಯುತ್ತಾರಂತೆ. ನಾನು ಚೀಲ ತೆಗೆದೆ. ಆಗ ಊರಮ್ಮ ದೀಪದ ಮೇಲೆ ಕೈಯಿಟ್ಟು ಕೇಳಿದರು: "ಒಯ್ದು ಏನ್ ಮಾಡ್ತೀರಿ?" ರಿಪೇರಿ ಮಾಡಿ ಮತ್ತೆ ಕುಣಿಯುವಂತೆ ಮಾಡುತ್ತೇನೆ ಎಂದೆ. "ಕುಣೀಲಿ. ಹಳೀ ಬಟ್ಟಿ ತಗದು ಹೊಸಾದು ಹಾಕಿದ್ರೂ ನಾ ಬ್ಯಾಡನ್ನಂಗಿಲ್ಲ. ಆದ್ರ ಗಂಡಸರು ಕೈ ಹಚ್ಚಬಾರ್ದು. ಹೆಣ್ಮಕ್ಳ ಕೈಲೆ ಬಿಚ್ಚಸ್ರಿ. ನಿಮ್ಮ ಮನ್ಯಾಗ ಹೆಣ್ಮಕ್ಳು ಅದಾರಿಲ್ರಿ?" ಗಾದೆಪ್ಪನವರು ನಗಲಿಲ್ಲ. ಕರಿಬಸವನೂ ನಗಲಿಲ್ಲ. ನಾನು ತಕ್ಷಣ, "ಅದಾರ್ರಿ" ಎಂದೆ. ಊರಮ್ಮ ಕೈ ತೆಗೆದರು.

ಶಬನಂ, ಬಸ್ಸಿನಲ್ಲಿ ದೀಪವನ್ನು ತೊಡೆಯ ಮೇಲೆ ಇಟ್ಟುಕೊಂಡು ಬರುವಾಗಲೂ ಆ ಮಾತು ನನಗೆ ಸುಳ್ಳೆನಿಸಲಿಲ್ಲ. ಬೀಗ ತೆಗೆದು ಒಳಗೆ ಬಂದಾಗ ಅನಿಸಿತು. ಅಡುಗೆಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ. ನಿನ್ನ ಹೊಲಿಗೆ ಮಷೀನು ಸಿರುಗುಪ್ಪದಲ್ಲಿ. ಹಗ್ಗದ ಮೇಲೆ ನನ್ನ ಎರಡು ಅಂಗಿ. ನಮ್ಮ ಮದುವೆಯಾದ ಮೂವತ್ತೊಂದು ವರ್ಷದಿಂದ ಯಾರು ಕೇಳಿದರೂ ಅದಾರ ಎನ್ನುವುದೇ ರೂಢಿಯಾಗಿತ್ತು, ಆ ರೂಢಿಯಿಂದ ಬಾಯಿಗೆ ಬಂದಿತ್ತು.

ಆದರೂ ಕೆಲಸ ಶುರುಮಾಡಿದೆ. ಪೀಠದ ಅಡಿಯ ತಗಡು ತೆಗೆದರೆ ಮೋಟಾರು ಕೈಗೆ ಸಿಗುತ್ತದೆ, ಅದಕ್ಕೆ ಊರಮ್ಮನ ಅಭ್ಯಂತರವಿಲ್ಲ. ಸುಟ್ಟ ತಂತಿಯನ್ನೆಲ್ಲ ಬಿಚ್ಚಿ ಹೊಸದಾಗಿ ಸುತ್ತಿದೆ. ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಹುಡುಗರಿಗೆ ಹೇಳಿಕೊಡುವಾಗ ಇದ್ದ ಕಣ್ಣು ಈಗಿಲ್ಲ. ಭೂತಗನ್ನಡಿ ಹಿಡಿದು ಸುತ್ತಬೇಕಾಯಿತು. ಹಳೆಯ ವೈರು ಬದಲಿಸಿದೆ, ಪಕ್ಕದಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರ್ ಇಟ್ಟೆ. ಮುಖದ ಮೇಲಿನ ಹೊಗೆಯ ಕರೆಯನ್ನು ಸೋಪಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆ. ಒರೆಸುವ ಮೊದಲು ಇದೂ ಕೈ ಹಚ್ಚಿದ ಹಾಗಾಗುತ್ತದೆಯೇ ಎಂದು ಯೋಚಿಸಿದೆ. ಮುಖ ತೊಳೆಯುವುದಕ್ಕೆ ಯಾರೂ ಬೇಡ ಎನ್ನಲಿಕ್ಕಿಲ್ಲ. ಸ್ವಿಚ್ ಹಾಕಿದರೆ ಮೋಟಾರು ಸಣ್ಣಗೆ ಗುಂಯ್ ಎನ್ನುತ್ತದೆ, ಸರಳು ಅಲುಗುತ್ತದೆ, ಆದರೆ ಸೊಂಟ ಮಿಸುಕುವುದಿಲ್ಲ. ಒಳಗಿನ ಕೀಲಿನಲ್ಲಿ ಹಳೆಯ ಎಣ್ಣೆ ಅಂಟಾಗಿ ಗಟ್ಟಿಯಾಗಿದೆ, ಮೇಲಿಂದ ಅಷ್ಟೂ ಸೀರೆಗಳ ಭಾರ. ಬಟ್ಟೆ ಬಿಚ್ಚದೆ ಮುಂದಿನ ಕೆಲಸವಿಲ್ಲ.

ಮಂಗಳವಾರ ಮಧ್ಯಾಹ್ನ ನಿನ್ನ ಸಣ್ಣ ಕತ್ತರಿ ತಂದು ಎದುರಿಗೆ ಕೂತೆ. ಬೆನ್ನಿನ ಹೊಲಿಗೆಯ ಮೊದಲ ದಾರ ಸಡಿಲವಾಗಿದೆ, ಒಂದು ಸಲ ಕತ್ತರಿಸಿದರೆ ಸಾಕು. ಆ ಸೀರೆಗಳ ತಳದಲ್ಲಿ ಮೂಲದ ಹುಲ್ಲಿನ ಲಂಗ ಇನ್ನೂ ಇರಬಹುದು. ಇದ್ದರೆ, ಬಿಸಿಲು ಧೂಳು ಕಾಣದೆ ಇಷ್ಟು ವರ್ಷ ಮುಚ್ಚಿಟ್ಟ ಲಂಗ. ಅಂಥದ್ದನ್ನು ನಾನು ಫೋಟೋದಲ್ಲಿ ಕೂಡ ನೋಡಿಲ್ಲ. ಅದರ ಬಣ್ಣ ಹಸಿರೋ ಹಳದಿಯೋ ಎಂದು ತಿಳಿದುಕೊಳ್ಳಬೇಕೆಂಬ ಆಸೆ ನನಗೆ ಎಷ್ಟಿದೆ ಎಂದು ಬರೆಯಲು ಸಂಕೋಚವಾಗುತ್ತದೆ. ಹುಲುಗೇಶ್ ಮೇಲೆ ಬಂದವನು ನೋಡಿ, "ಕತ್ತರಿ ಹಿಡಕೊಂಡು ಧ್ಯಾನ ಮಾಡಾಕತ್ತೀರೇನ್ರಿ ಸರ?" ಎಂದ. ವಿಷಯ ಹೇಳಿದೆ. "ಎರಕದ ಬೊಂಬಿಗೆ ಗಂಡಸರ ಕೈ ಯಾವ್ದು, ಹೆಂಗಸರ ಕೈ ಯಾವ್ದು ಅಂತ ಗೊತ್ತಾಗ್ತೈತೇನ್ರಿ? ಊರಮ್ಮ ಏನ್ ಕುರುಗೋಡಿಂದ ಬಂದು ನೋಡ್ತಾಳ?" ಎಂದ. ನೋಡುವುದಿಲ್ಲ. ಆದರೆ ಅದಾರ ಎಂದವನು ನಾನು. ಬೇಕಾದರೆ ತನ್ನ ಹೆಂಡತಿಯನ್ನು ಕಳಿಸುತ್ತೇನೆ, ಐದು ನಿಮಿಷದ ಕೆಲಸ ಎಂದೂ ಹುಲುಗೇಶ್ ಹೇಳಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಾನು ಬೇಡವೆಂದೆ. ಊರಮ್ಮ ಕೇಳಿದ್ದು ನಿಮ್ಮ ಮನೆಯಲ್ಲಿ ಎಂದು. ಕತ್ತರಿಯನ್ನು ಅದರ ಚೀಲಕ್ಕೆ ಹಾಕಿ ಎತ್ತಿಟ್ಟೆ. ಆ ಸಂಜೆ ಓದುತ್ತಿದ್ದ ಪುಸ್ತಕದ ಒಂದೇ ಪುಟವನ್ನು ತಿರುತಿರುಗಿ ಓದಿದೆ.

ಸುದ್ದಿ ಇಷ್ಟೇ. ಅಲ್ಲಿ ಭತ್ತದ ಕೊಯ್ಲು ಶುರುವಾಗಿರಬೇಕು, ಧೂಳಿಗೆ ಅತ್ತೆಯವರ ಕೆಮ್ಮು ಹೆಚ್ಚಾಗದಂತೆ ಬೀದಿಯ ಕಡೆಯ ಕಿಟಕಿ ಮುಚ್ಚಿಡು. ನೆರೆಯವರ ಲಂಗ, ರವಿಕೆಗಳನ್ನೆಲ್ಲ ಒಂದೇ ದಿನ ಹೊಲಿದು ಕೊಡುತ್ತೇನೆ ಎಂದು ಒಪ್ಪಿಕೊಳ್ಳಬೇಡ. ಅತ್ತೆಯವರಿಗೆ ನನ್ನ ಸಲಾಂ ಮುಟ್ಟಿಸು. ಅಳಿಯ ಬಹಳ ಉದ್ದ ಬರೆದಿದ್ದಾನೆ ಎಂದು ಹೇಳು, ಅವರು ನಂಬುವುದಿಲ್ಲ. ನಿಮ್ಮಿಬ್ಬರ ಸೊಂಟ ಮೊಣಕಾಲುಗಳನ್ನು ಆ ಮೇಲಿನವನು ಕಾಪಾಡಲಿ.

ನಿನ್ನ
ಮುಜಾಫರ್

ವಿ.ಸೂ.: ಅಂಚೆ ಕಚೇರಿಯ ಕೌಂಟರಿನಲ್ಲಿ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಹೊಂದಿಸಿಕೊಂಡು ಓದು. ಲಕೋಟೆ ಅಂಟಿಸುವಾಗ ಉತ್ತರವನ್ನೇ ಬರೆದಿಲ್ಲವೆಂದು ಗೊತ್ತಾಯಿತು. ನಾನು ಬರುತ್ತೇನೆ. ಭಾನುವಾರ ಬೆಳಗಿನ ಬಸ್ಸಿಗೆ. ಮನೆ ಬಾಡಿಗೆಗಿದೆ ಎಂಬ ಬೋರ್ಡನ್ನು ಈ ದಿನ ಗೇಟಿಗೆ ಕಟ್ಟಿಸಿದೆ. ಶೆಲ್ಫಿನ ಮೇಲಿನವರನ್ನೆಲ್ಲ ಮೂಲೆಯ ರೆಸ್ಟೋರೆಂಟಿನ ದುರ್ಗೇಶ್ ನಿನ್ನೆ ಒಯ್ದ, ಪ್ರತಿ ಟೇಬಲ್ಲಿಗೆ ಒಬ್ಬೊಬ್ಬರನ್ನು ಇಟ್ಟಿದ್ದಾನೆ. ಹೋಗಿ ನೋಡಿ ಬಂದೆ, ಚೆನ್ನಾಗಿ ಕಾಣುತ್ತಾರೆ. ಪುಸ್ತಕಗಳು ಆಮೇಲೆ ಬರುತ್ತವೆ. ನನ್ನ ಜೊತೆ ಬರುವವಳು ಕುರುಗೋಡಿನವಳು ಒಬ್ಬಳೇ. ನೀನು ಅವಳನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೋ. ನಾನು ಹೊರಗೆ ಕಟ್ಟೆಯ ಮೇಲೆ ಅತ್ತೆಯವರ ಜೊತೆ ಕೂತಿರುತ್ತೇನೆ. ಒಂದೊಂದು ಸೀರೆ ಬಿಚ್ಚಿದಾಗಲೂ ಯಾವ ಬಣ್ಣ ಎಂದು ಒಳಗಿನಿಂದ ಹೇಳುತ್ತಾ ಹೋಗು.