ಮರಿ ಕಾಯುವ ಮೀನಿಗೆ ಗಾಳ

14 ಜುಲೈ 2025, ಸೋಮವಾರ. ಜಗಳೂರು.

ಇವತ್ತು ನಾನು ಮಾಡಿದ್ದು ಹೊಲಸು ಕೆಲಸ.

ಕೆರೆಯಲ್ಲಿ ಕೊರಮೀನಿನ ಮರಿಗಳು ಕೆಂಪಗೆ ಗುಂಪುಗಟ್ಟಿ ತೇಲುತ್ತಿದ್ದವು. ಅದೇ ಕೆರೆಯ ಮೀನು ಮಾರಿ ಬದುಕುವ ಗಾದ್ರಮ್ಮ ದಡದಿಂದ ಕೂಗಿದಳು: "ಅಣ್ಣಾ, ಅಲ್ಲಿ ಗಾಳ ಬಿಡಬ್ಯಾಡ್ರಿ. ಮರಿ ಕೆಳಗೆ ತಾಯಿ ಕಾಯ್ತಾ ಐತೆ."

ಗೊತ್ತಿದ್ದೇ ಬಿಟ್ಟೆ. ಗಾಳಕ್ಕೆ ಸಿಕ್ಕಿಸಿದ್ದ ಕಪ್ಪೆ ಮರಿಗಳ ನಡುವೆ ಬಿದ್ದದ್ದೇ ತಡ, ಅದನ್ನು ಓಡಿಸಲು ತಾಯಿ ನುಗ್ಗಿ ಕಚ್ಚಿತು. ಎರಡು ಕೆಜಿ ಮೀನು ಎಳೆದ ಖುಷಿಗೆ ನಾನು ನಕ್ಕೆ ಕೂಡ. ಅಷ್ಟರಲ್ಲಿ ಜಿಲೇಬಿ ಮೀನುಗಳು ಬಂದು ಮರಿಗಳನ್ನು ನುಂಗತೊಡಗಿದವು.

ಗಾದ್ರಮ್ಮ ಬೈಯಲಿಲ್ಲ. "ಕೆರೆ ಗುತ್ತಿಗೆ ಹಿಡಿದಿದ್ದ ಆ ಕಂಟ್ರಾಕ್ಟರು ಮೀನೆಲ್ಲ ಮರಿ ಸಮೇತ ಬಳ್ಕೊಂಡು ಹೋದಾಗ ನಮ್ಮ ಕೈಲಿ ಧಿಕ್ಕಾರ ಕೂಗ್ಸಿದ್ರಿ. ಈಗ ಯಾರ ಹೆಸರು ಹಿಡಿದು ಕೂಗಾನ, ನೀವೇ ಹೇಳ್ರಿ," ಅಂದಳು. ಮೈಕ್ ಸಿಕ್ಕರೆ ತಾಸುಗಟ್ಟಲೆ ಗುಡುಗುವ ನಾನು ಮೀನಿನ ಬಕೆಟ್ಟು ಎತ್ತಿಕೊಂಡು ಮನೆಯ ದಾರಿ ಹಿಡಿದೆ.

ಕೊರಮೀನು ಗಟ್ಟಿ ಜೀವ, ಬಕೆಟ್ಟಿನಲ್ಲಿ ಇನ್ನೂ ಉಸಿರಾಡುತ್ತಿದೆ. ಬೆಳಿಗ್ಗೆ ಕೆರೆಗೆ ಬಿಟ್ಟು ಬರಬೇಕು. ಮರಿಗಳಂತೂ ಇನ್ನು ಸಿಗುವುದಿಲ್ಲ. ಗಾದ್ರಮ್ಮನ ಮುಂದೆ ನಿಂತು ತಪ್ಪಾಯಿತು ಅನ್ನುವುದು ಬಿಟ್ಟು, ಅವಳು ಬರುವ ಮೊದಲೇ ಕದ್ದು ಹೋಗಿ ಬಿಟ್ಟುಬಿಡೋಣವೇ ಅಂತ ಯೋಚಿಸುತ್ತಿದ್ದೇನಲ್ಲ, ಥೂ ನನ್ನ ಜನ್ಮಕ್ಕೆ!