ಇವರ ಗಡ್ಡ

ಜುಲೈ 2, ಬೆಳಿಗ್ಗೆ 6.10
ಏಳಕ್ಕೆ ಉತ್ತರಹಳ್ಳಿ ಆಂಟಿಗೆ ಡ್ರೈವಿಂಗ್ ಕ್ಲಾಸ್. ಕಲಿಸುವವಳು ನಾನು, ಮೂರು ವಾರ ಮಲಗಿದ್ದು ಸಾಕು. ಐದೂವರೆ ತಿಂಗಳಿಗೆ ಮಗು ಹೋಯಿತು. ನನ್ನ ಕೈಕಾಲು ಹೋಗಿಲ್ಲ.
ಹೆಣ್ಣು ಅಂತ ನರ್ಸ್ ಹೇಳಿದಾಗ ಇವರೂ ಅಲ್ಲೇ ಇದ್ದರು. ಅವತ್ತಿನಿಂದ ಅವಳ ಬಗ್ಗೆ ಒಂದು ಮಾತಿಲ್ಲ. ನಾನೇ ಎತ್ತಿದರೆ ಎದ್ದು ಟೈಲ್ಸ್ ಅಂಗಡಿಗೆ ಹೊರಡುತ್ತಾರೆ.

ಜುಲೈ 9
ಆಂಟಿ ಕ್ಲಚ್ ಬಿಟ್ಟ ರಭಸಕ್ಕೆ ಹಾಲಿನ ವ್ಯಾನಿಗೆ ಗುದ್ದಬೇಕಿತ್ತು. ನನ್ನ ಕಡೆಯ ಬ್ರೇಕ್ ಉಳಿಸಿತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಗು ಬರುತ್ತದೆ ಇನ್ನೂ… ಒಳ್ಳೆಯದೇ.
ಇವರ ಗಡ್ಡವೇ ತಲೆನೋವು. ಹೆಂಡತಿ ಬಸುರಿಯಾದರೆ ಗಂಡ ಗಡ್ಡ ತೆಗೆಯಬಾರದು — ಇವರ ಮನೆಯ ಪದ್ಧತಿ. ಐದನೇ ತಿಂಗಳಿಂದ ಬಿಟ್ಟಿದ್ದು, ಈಗಲೂ ತೆಗೆದಿಲ್ಲ. ಅದನ್ನು ನೋಡಿದವರೆಲ್ಲ, "ಏನಕ್ಕ, ಯಾವಾಗ ಡೇಟು?" ಅಂತಾರೆ. ಒಬ್ಬೊಬ್ಬರಿಗೂ ನಾನೇ ಹೇಳಬೇಕು.

ಜುಲೈ 27
ಊಟದ ಹೊತ್ತಿಗೆ ಅತ್ತೆಯೇ ಹೇಳಿದರು, "ಶಶಿ, ತೆಗ್ಸಾಕಪ್ಪ ಅದನ್ನ. ನೋಡಕ್ಕಾಗಲ್ಲ."
ಇವರು ಅನ್ನ ಕಲಸುತ್ತಲೇ ಇದ್ದರು. ನನಗೆ ರೇಗಿಹೋಯಿತು.
"ನಿಮಗೇನ್ರೀ, ಸುಮ್ನಿರ್ತೀರಾ. ಜನಕ್ಕೆ ಉತ್ತರ ಹೇಳೋಳು ನಾನು!"
"ಡೇಟ್ ಬರ್ಲಿ, ಕಲ್ಯಾಣಿ."
"ಯಾವ್ ಡೇಟು?"
"ಅಕ್ಟೋಬರ್ ಹದಿನಾರು. ಡಾಕ್ಟ್ರು ಬರ್ದಿದ್ರಲ್ಲ."
ಅನ್ನ ಬಿಟ್ಟು ಎದ್ದು ಹೋದರು. ಆ ತಟ್ಟೆ ತೊಳೆಯುತ್ತಾ ಅತ್ತುಬಿಟ್ಟೆ.

ಜುಲೈ 28
ಗಡ್ಡದ ಮಾತು ಇನ್ನು ಎತ್ತುವುದಿಲ್ಲ. ಕೇಳಿದವರಿಗೆ ಹೇಳುತ್ತೇನೆ. ನನಗೆ ಬಾಯಿದೆ.

ಅಕ್ಟೋಬರ್ 16, ಮಧ್ಯಾಹ್ನ 12.30
ಕ್ಲಾಸೆಲ್ಲ ಕ್ಯಾನ್ಸಲ್ ಮಾಡಿದೆ. ನಾನೇ ಕಾರು ಓಡಿಸಿ ಇವರನ್ನು ಕೋಣನಕುಂಟೆ ಸಲೂನಿಗೆ ಕರೆದುಕೊಂಡು ಹೋದೆ. ಗಂಡಸರ ನಡುವೆ ಬೆಂಚಿನ ಮೇಲೆ ಕೂತೆ. ಯಾರು ಏನಂದುಕೊಂಡರೆ ನನಗೇನು!
ಸಲೂನಿನ ಮಹೇಶ್ ಇವರನ್ನು ನೋಡಿ ಐದು ತಿಂಗಳಾಗಿತ್ತು. ಬಟ್ಟೆ ಹೊದಿಸುತ್ತಾ ಖುಷಿಯಿಂದ ಕೇಳಿದ, "ಆಯ್ತಾಣ್ಣ? ಗಂಡಾ, ಹೆಣ್ಣಾ?"
ಅಭ್ಯಾಸಬಲ, ಉತ್ತರಕ್ಕೆ ನಾನೇ ಬಾಯಿ ತೆರೆದೆ. ಇವರು ಕನ್ನಡಿಯಲ್ಲೇ ನನ್ನನ್ನು ನೋಡಿ, ಬೇಡ ಅಂತ ತಲೆಯಾಡಿಸಿದರು.
"ಹೆಣ್ಣು. ಜೂನಲ್ಲೇ ಹೋಗ್ಬಿಟ್ಲು," ಅಂದರು. "ನಾನ್ ಎತ್ಕೊಂಡಿದ್ದೆ."
ಎತ್ತಿಕೊಂಡಿದ್ದರಾ? ನನಗೆ ಗೊತ್ತೇ ಇರಲಿಲ್ಲ.
ಈಗ ಸ್ನಾನ ಮಾಡಿ ಬಂದು ಎದುರಿಗೆ ಕೂತಿದ್ದಾರೆ. ಗಡ್ಡವಿಲ್ಲದ ಮುಖ ಇನ್ನೂ ಹೊಸದು. ಕೇಳದೆಯೇ ಹೇಳುತ್ತಿದ್ದಾರೆ — ಬೆರಳು ಉದ್ದ ಇತ್ತಂತೆ, ನನ್ನ ಹಾಗೆ. ಬಲಗೈ ಮುಷ್ಟಿ ಬಿಗಿಯಾಗಿ… ತಡಿ, ಪೆನ್ನು ಇಡುತ್ತೇನೆ, ಇವರು ಇನ್ನೂ