ಬೆಖ್ತರನಿಗಾಗಿ ಬೈದವಳು

ಇಲ್ಫರ್ಡ್
ಸೋಮವಾರ, 10 ಮಾರ್ಚ್ 2025

ಡಾಕ್ಟರ್ ಶ್ರೀರಂಗ ಅವರಿಗೆ, ಕೃಷ್ಣವೇಣಿಯ ನಮಸ್ಕಾರ.

ತೆಮುಜಿನನ ಕಥೆಯನ್ನು ಮೊದಲು ಹೇಳಿದವರು ನಮ್ಮೂರ ಶಾಲೆಯ ವೀರಣ್ಣ ಮಾಸ್ತರರು, 1991ರ ಬೇಸಿಗೆ ರಜೆಯಲ್ಲಿ. ನೀವಲ್ಲ. ಮಂಗೋಲರ ಹುಡುಗ ಹೇಗೆ ರಾಜರ ರಾಜನಾದ ಎಂದು ಕಾದಂಬರಿ ಬರೆಯುತ್ತಿರುವವರು ನೀವು, ಭಾನುವಾರ ಭಾನುವಾರ ಕ್ವೀನ್ಸ್‌ಬರಿಯ ನಮ್ಮ ಮನೆಯಲ್ಲಿ ಜನ ಸೇರಿಸಿ ಓದುವವರೂ ನೀವು. ಆದರೆ ಮೊದಲು ಹೇಳಿದವರು ಅವರು. ಅವರಿಂದ ಕೇಳಿದವಳು ನಾನು. ನನ್ನಿಂದ ಕೇಳಿದವರು ನೀವು. ಈ ಸಾಲು ನೆಟ್ಟಗಿರಲಿ.

ಹದಿನೈದು ವರ್ಷ ‘ರೀ’ ಎಂದು ಕರೆದವಳು ಇವತ್ತು ನಿಮ್ಮ ಹೆಸರು ಹಿಡಿದು, ಮುಂದೆ ಡಾಕ್ಟರ್ ಎಂದೂ ಸೇರಿಸಿ ಬರೆಯುತ್ತಿದ್ದೇನೆ. ನನ್ನ ಸಿಟ್ಟಿನ ಅಳತೆ ಅದರಲ್ಲೇ ಸಿಗಲಿ. ಫೋನಿನಲ್ಲಾದರೆ ನೀವು, ‘ಆಯ್ತು ಆಯ್ತು, ಪೇಶಂಟ್ ಕಾಯ್ಲಿಕ್ಕತ್ತಾರ’ ಎಂದು ಇಟ್ಟುಬಿಡುತ್ತೀರಿ. ಕಾಗದದ ಬಾಯಿ ಹಾಗೆ ಅರ್ಧಕ್ಕೆ ಮುಚ್ಚಲಾಗುವುದಿಲ್ಲ.

ವೀರಣ್ಣ ಮಾಸ್ತರರು ಶಾಲೆಯ ಕಟ್ಟೆಯ ಮೇಲೆ ಕೂತು ಸಂಜೆ ಕಥೆ ಹೇಳುತ್ತಿದ್ದರು. ಶುರು ಮಾಡುವ ಮೊದಲು ಮಕ್ಕಳಲ್ಲಿ ಒಬ್ಬರನ್ನು ಹೂಂಗುಟ್ಟಲು ನೇಮಿಸುತ್ತಿದ್ದರು. ಒಂದು ಮಾತಿಗೆ ಒಂದು ಹೂಂ. ಹೂಂ ನಿಂತರೆ ಕಥೆಯೂ ಅಲ್ಲೇ ನಿಂತಿತು, ಮುಂದೆ ಹೇಳುವಂತಿಲ್ಲ. ‘ಹೂಂ ಅನ್ನಾಕಿ ಅರ್ಧ ಕಥಿ ಹೊತ್ತಿರತಾಳ, ತಂಗಿ. ಒಪ್ಪಿಗಿ ಇಲ್ಲಂದ್ರ ಅನಬ್ಯಾಡ’ ಎನ್ನುತ್ತಿದ್ದರು. ಆ ಬೇಸಿಗೆಯಲ್ಲಿ ಹೂಂಗುಟ್ಟಿದವಳು ನಾನು. ನನಗೆ ಒಂಬತ್ತು ವರ್ಷ.

ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ನಿಮಗೆ ಮರೆತಿದೆ ಎಂದಲ್ಲ, ನೀವು ಬೇಕೆಂದೇ ಬಿಟ್ಟಿದ್ದೀರಿ ಎಂದು. ತೆಮುಜಿನ್ ಇನ್ನೂ ಹುಡುಗ. ಅಪ್ಪನಿಗೆ ಹಗೆಗಳು ವಿಷವಿಕ್ಕಿ ಕೊಂದಿದ್ದಾರೆ. ಕುಲದವರು ವಿಧವೆಯನ್ನೂ ಮಕ್ಕಳನ್ನೂ ಹುಲ್ಲುಗಾವಲಿನಲ್ಲಿ ಬಿಟ್ಟು, ದನಕುರಿ ಹೊಡೆದುಕೊಂಡು ಹೊರಟುಹೋಗಿದ್ದಾರೆ. ತಾಯಿ ಹೊಯೆಲುನ್ ಗೆಡ್ಡೆ ಅಗೆದು, ಕಾಡು ಹಣ್ಣು ಆರಿಸಿ ತಂದು ಎಲ್ಲರನ್ನೂ ಸಾಕುತ್ತಾಳೆ. ಹೊಟ್ಟೆಯಲ್ಲಿ ಹುಟ್ಟಿದವರು ಐವರು, ಗಂಡನ ಇನ್ನೊಬ್ಬ ಹೆಂಡತಿಯ ಮಕ್ಕಳು ಇಬ್ಬರು. ಆ ಇಬ್ಬರಲ್ಲಿ ದೊಡ್ಡವನು ಬೆಖ್ತರ್. ಒಂದು ದಿನ ತೆಮುಜಿನ್ ಹಿಡಿದ ಮೀನನ್ನು ಬೆಖ್ತರ್ ಕಸಿದುಕೊಂಡ. ತೆಮುಜಿನ್ ತನ್ನ ತಮ್ಮನನ್ನು ಕರೆದುಕೊಂಡು ಹೋದ. ಒಬ್ಬ ಮುಂದಿನಿಂದ, ಒಬ್ಬ ಹಿಂದಿನಿಂದ ಬಾಣ ಬಿಟ್ಟು ಬೆಖ್ತರನನ್ನು ಕೊಂದುಹಾಕಿದರು.

ಮನೆಗೆ ಬಂದಾಗ ಅವರ ಮುಖ ನೋಡಿಯೇ ಹೊಯೆಲುನ್‌ಗೆ ತಿಳಿಯಿತು. ಅವಳು ಬೆಖ್ತರನನ್ನು ಹೆತ್ತವಳಲ್ಲ. ಹೆತ್ತ ಮಕ್ಕಳನ್ನು ಎದುರು ನಿಲ್ಲಿಸಿಕೊಂಡು, ಹೆರದ ಮಗನಿಗಾಗಿ ಬೈದವಳು. ಮಾಸ್ತರರು ಎದ್ದು ನಿಂತು ಆ ಬೈಗುಳ ಹೇಳುತ್ತಿದ್ದರು: ‘ಮೀನು ತೀರಿತು, ಹಸಿವಿ ತೀರಿತೇನ್ರೋ? ನಾಳಿಗೆ ಮತ್ತ ಹಸಿವಿ ಆಗತೈತಿ. ನಾಳಿಗೆ ಯಾರನ್ನ ಹೊಡೀತೀರಿ? ಹೊರಗ ಹಗೆಗೋಳು ಕುದುರಿ ಹತ್ತ್ಯಾರ, ಒಳಗ ನೀವು ನಿಮ್ಮ ಬಲಗೈ ನೀವ ಕಡಕೊಂಡು ಬಂದೀರಿ. ಅವನ ತಮ್ಮ ಅಲ್ಲಿ ಕುಂತಾನ, ಅವಗ ಹೋಗಿ ನೀವ ಹೇಳ್ರಿ, ನಾ ಹೇಳಂಗಿಲ್ಲ.’ ಆ ಬೈಗುಳ ಮುಗಿಯುವವರೆಗೆ ನಾವು ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅವನು ಜಗತ್ತು ಗೆದ್ದದ್ದನ್ನು ಮಾಸ್ತರರು ಆಮೇಲೆ ಎರಡೇ ಮಾತಿನಲ್ಲಿ ಮುಗಿಸಿದರು.

ಇದನ್ನು ನಾನು ನಿಮ್ಮ ಮನೆಗೆ ತಂದೆ. ಮದುವೆಯಾಗಿ ಬಂದಾಗ ನಿಮ್ಮ ಮಗ ವಿನಾಯಕನಿಗೆ ಮೂರು ವರ್ಷ. ಹೆತ್ತ ತಾಯಿಯ ಮುಖ ಅವನಿಗೆ ನೆನಪಿಲ್ಲ. ಇದೇ ಇಲ್ಫರ್ಡಿನಲ್ಲಿ, ಓಸ್ವಿನ್ ಮತ್ತು ಮೆಟಿಲ್ಡಾ ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆವು. ನೀವು ಡ್ಯೂಟಿ ಮುಗಿಸಿ ಬರುವವರೆಗೆ ಈ ಕಥೆ ಹೇಳಿ ಅವನಿಗೆ ಅನ್ನ ಉಣಿಸುತ್ತಿದ್ದೆ. ಏನು ಬಿಟ್ಟರೂ ಬೈಗುಳ ಬಿಡಲು ಬಿಡುತ್ತಿರಲಿಲ್ಲ. ‘ಅಮ್ಮಾ, ಬೈ’ ಎನ್ನುತ್ತಿದ್ದ. ನಾನು ಸೌಟು ಹಿಡಿದು ಬೈಯುತ್ತಿದ್ದೆ. ಅವನು ಕೇಕೆ ಹಾಕಿ ನಗುತ್ತಿದ್ದ.

ಈಗ ಫೆಬ್ರವರಿ ಇಪ್ಪತ್ತಮೂರರ ಮಾತಿಗೆ ಬರುತ್ತೇನೆ.

ಅದರ ಹಿಂದಿನ ವಾರವಷ್ಟೇ ವಿನಾಯಕ ಮೆಡಿಸಿನ್ ಓದುವುದಿಲ್ಲ, ಓಸ್ವಿನ್ ಅಂಕಲ್ ಜೊತೆ ಎಲೆಕ್ಟ್ರಿಷಿಯನ್ ಕೆಲಸ ಕಲಿಯುತ್ತೇನೆ ಎಂದಿದ್ದ. ನೀವು ಊಟದ ತಟ್ಟೆ ಸರಿಸಿ, ‘ನಮ್ಮ ಮನ್ಯಾಗ ಡಾಕ್ಟರ್ ಆಗಾವ ಒಬ್ಬನ ಅಂತ ನನಗ ಮೊದಲ ಗೊತ್ತಿತ್ತು’ ಎಂದಿರಿ. ಪಕ್ಕದಲ್ಲಿದ್ದ ಕಿರಿಯ ಮಗ ಸಮರ್ಥನ ಬೆನ್ನು ತಟ್ಟಿದಿರಿ. ಹನ್ನೆರಡು ವರ್ಷದ ಮಗು ಬಾಯಲ್ಲಿದ್ದ ತುತ್ತು ನುಂಗಲಾರದೆ ಅಣ್ಣನ ಕಡೆ ನೋಡಿತು.

ಆ ಭಾನುವಾರ ಮಧ್ಯಾಹ್ನ ನಿಮ್ಮ ಆಸ್ಪತ್ರೆಯ ಡಾಕ್ಟರ್ ಚಂದ್ರಿಕಾ ಅವರ ಮನೆಯವರೆಲ್ಲ ಬಂದಿದ್ದರು. ನೀವು ಬೆಖ್ತರನ ಅಧ್ಯಾಯ ತೆಗೆದಿರಿ. ಹೂಂಗುಟ್ಟುವ ಕೆಲಸ ಎಂದಿನಂತೆ ವಿನಾಯಕನದು. ನಿಮ್ಮ ಬೆಖ್ತರ್ ಸೋಮಾರಿ, ಬೇರೆಯವರು ಹಿಡಿದದ್ದನ್ನು ತಿನ್ನುವವನು, ಕುದುರೆ ಪಳಗಿಸಲು ಬಾರದವನು, ರಿಪೇರಿ ಕೆಲಸ ಮಾಡಿಕೊಂಡು ಡೇರೆಯ ಹಿಂದೆ ಕೂರುವವನು. ಹನ್ನೆರಡನೆಯ ಶತಮಾನದ ಹುಲ್ಲುಗಾವಲಿನಲ್ಲಿ ಅದೆಂಥ ರಿಪೇರಿ ಕೆಲಸ, ನನಗೆ ತಿಳಿಯದು. ಚಂದ್ರಿಕಾ ನಕ್ಕರು. ಅವರಿಗೇನು ಗೊತ್ತು. ನೀವು ಓದುತ್ತಾ ಕನ್ನಡಕದ ಮೇಲಿಂದ ಯಾರನ್ನು ನೋಡಿದಿರಿ ಎಂದು ನನಗೆ ಗೊತ್ತು, ಅವನಿಗೆ ಗೊತ್ತು.

ಬಾಣ ತಗುಲಿತು. ‘ಸಿಂಹಾಸನದ ದಾರಿಯ ಮೊದಲ ಕಲ್ಲು ಸರಿಯಿತು’ ಎಂದು ಓದಿದಿರಿ. ಹೂಂ ಬರಲಿಲ್ಲ.

ನೀವು ತಲೆ ಎತ್ತಿ, ‘ಯಾಕಲೇ, ನಿದ್ದಿ ಬಂತೇನು? ಹೂಂ ಅನ್ನು’ ಎಂದಿರಿ.

ಅವನು, ‘ಅಪ್ಪಾ, ಅವರಮ್ಮ ಏನಂದ್ಲು?’ ಎಂದು ಕೇಳಿದ.

‘ಏನಂತಾಳ? ರಾಜನ ತಾಯಿ ಆಗಬೇಕಾದಾಕಿ. ತಿಳದು ಸುಮ್ಮನಾದಳು.’

‘ಸುಮ್ಮನಾಗಲಿಲ್ಲ’ ಎಂದ ವಿನಾಯಕ. ‘ಶಿ ವೆಂಟ್ ಮ್ಯಾಡ್ ಅಟ್ ದೆಮ್.’ ಹೇಳಿ ನನ್ನ ಕಡೆ ತಿರುಗಿದ.

ಶ್ರೀರಂಗ ಅವರೇ, ಇಲ್ಲಿಯವರೆಗೆ ನಿಮ್ಮನ್ನು ಬೈದೆ. ಇನ್ನೂ ಬೈಯುವುದಿದೆ. ಆದರೆ ಇಲ್ಲಿ ನಡೆದದ್ದನ್ನೂ ಬರೆಯಬೇಕು. ನಾನು ಅವಲಕ್ಕಿಯ ತಟ್ಟೆಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಬಂದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಕಥೆ ನಿಂತುಬಿಟ್ಟಿತ್ತು, ಮನೆಯ ಮರ್ಯಾದೆಯೂ ಅದರ ಜೊತೆಗೆ ನಿಂತ ಹಾಗಿತ್ತು. ನಾನು ‘ಹೂಂ’ ಎಂದೆ. ಅವನ ಬದಲಿಗೆ ನಾನು ಹೂಂಗುಟ್ಟಿದೆ, ನೀವು ಪುಟ ತಿರುಗಿಸಿ ಮುಂದೆ ಓದಿದಿರಿ. ವಿನಾಯಕ ನನ್ನ ಕೈಯಿಂದ ತಟ್ಟೆಗಳನ್ನು ತೆಗೆದುಕೊಂಡು ಎಲ್ಲರಿಗೂ ಹಂಚಿದ. ಒಂದನ್ನೂ ಬಿಡದೆ ಹಂಚಿದ. ಮರುದಿನ ನಾವು ಏಳುವುದರೊಳಗೆ ಬಾಂಡ್ ಸ್ಟ್ರೀಟಿನಲ್ಲಿ ಟ್ಯೂಬ್ ರೈಲು ಬದಲಿಸಿ ಇಲ್ಫರ್ಡಿಗೆ ಬಂದು, ತಾನು ಮಗುವಾಗಿದ್ದ ಮನೆಯ ಬಾಗಿಲು ತಟ್ಟಿದ್ದ.

‘ಹಸಿವಾದ್ರ ಬರತಾನ’ ಎಂದಿರಿ ನೀವು. ಎರಡು ವಾರವಾಯಿತು. ಅವನಿಗೆ ಹಸಿವೆ ನೀಗಿಸುವ ಕೆಲಸ ಸಿಕ್ಕಿದೆ, ಮೆಟಿಲ್ಡಾ ಮೀನು ಸಾರು ಮಾಡಿ ಬಡಿಸುತ್ತಾಳೆ. ಈ ಎರಡು ವಾರದಲ್ಲಿ ಅವನು ಎಲ್ಲಿದ್ದಾನೆ ಎಂದು ನೀವು ನನ್ನನ್ನು ಕೇಳಿದ್ದು ಒಂದು ಸಲ, ಅದೂ ಕಾರಿನ ಇನ್ನೊಂದು ಕೀ ಹುಡುಕುವಾಗ.

ನಾನು ಮೂರು ಸಲ ಬಂದು ಹೋದೆ. ಬಾಗಿಲು ತೆರೆದ, ಚಹಾ ಮಾಡಿಕೊಟ್ಟ, ಸ್ಟೇಷನ್ನಿನವರೆಗೆ ಬಂದು ಬಿಟ್ಟ. ಅಮ್ಮ ಎನ್ನಲಿಲ್ಲ. ಬೇರೆ ಏನೆಂದೂ ಕರೆಯಲಿಲ್ಲ. ‘ಸಕ್ಕರೆ ಬೇಕಾ’ ಎನ್ನುತ್ತಾನೆ, ‘ಟ್ರೇನ್ ಬಂತು’ ಎನ್ನುತ್ತಾನೆ. ಕರೆಯುವ ಹೆಸರಿನ ಜಾಗ ಖಾಲಿ. ನೀವು ಬೈದರೂ ಆಡಿಕೊಂಡರೂ ನನಗೆ ಅಳು ಬಂದದ್ದಿಲ್ಲ. ಮೊನ್ನೆ ಇಲ್ಫರ್ಡ್ ಸ್ಟೇಷನ್ನಿನ ಪ್ಲಾಟ್‌ಫಾರಂ ಮೇಲೆ ಅತ್ತೆ. ಇನ್ನೊಂದು ವರ್ಷ ಹೀಗೇ ಹೋದರೆ ಅವನಿಗೆ ಅದೇ ಅಭ್ಯಾಸವಾಗುತ್ತದೆ, ಆಮೇಲೆ ನಾನು ಅವನ ಅಪ್ಪನ ಹೆಂಡತಿಯಾಗಿ ಉಳಿಯುತ್ತೇನೆ. ನನಗೆ ಅದು ಬೇಡ.

ಅದಕ್ಕೇ ಶನಿವಾರ ಸಮರ್ಥನನ್ನು ಕರೆದುಕೊಂಡು ಇಲ್ಲಿಗೆ ಬಂದೆ. ನಿನ್ನೆ ಸಂಜೆ ಮೆಟಿಲ್ಡಾಳ ಅಡುಗೆಮನೆಯಲ್ಲಿ ಎಲ್ಲರೂ ಕೂತಿದ್ದಾಗ, ಕಥೆ ಹೇಳುತ್ತೇನೆ ಎಂದೆ. ವಿನಾಯಕ ಎದ್ದುಹೋಗಲಿಲ್ಲ. ಬಲ್ಬಿನ ಹೋಲ್ಡರ್ ಒಂದನ್ನು ಬಿಚ್ಚಿ ಮೇಜಿನ ಮೇಲೆ ಇಟ್ಟುಕೊಂಡಿದ್ದ, ಅದನ್ನೇ ನೋಡುತ್ತಿದ್ದ. ಹೂಂಗುಟ್ಟು ಎಂದು ಅವನಿಗೆ ಹೇಳುವ ಮುಖ ನನಗಿರಲಿಲ್ಲ. ಯಾರನ್ನೂ ನೇಮಿಸಲಿಲ್ಲ. ಹೂಂ ಇಲ್ಲದೆ, ಮಾಸ್ತರರ ನಿಯಮ ಮುರಿದು ಹೇಳಿದೆ.

ಬೈಗುಳದ ಜಾಗ ಬಂತು. ಎದ್ದು ನಿಂತೆ. ಮಾಸ್ತರರ ಮಾತುಗಳಷ್ಟನ್ನೇ ಹೇಳಬೇಕೆಂದಿದ್ದೆ. ಆದರೆ ಅವು ಮುಗಿದ ಮೇಲೂ ನನ್ನ ಬಾಯಿ ನಿಲ್ಲಲಿಲ್ಲ. ಹೊಯೆಲುನ್ ಮಕ್ಕಳನ್ನು ಬೈದಳು, ಸತ್ತ ಗಂಡನನ್ನು ಬೈದಳು, ಬಿಟ್ಟುಹೋದ ಕುಲದವರನ್ನು ಬೈದಳು, ಕೊನೆಗೆ ತನ್ನನ್ನೇ ಬೈದುಕೊಂಡಳು: ‘ಮೀನು ಕಸಕೊಂಡ ದಿನಾನ ಅವನ್ನ ಕರದು, ಯಾಕಪ್ಪಾ, ನಿನಗ ಉಣ್ಣಾಕ ಸಾಲವಲ್ದೇನು ಅಂತ ನಾ ಕೇಳಬೇಕಿತ್ತು. ಕೇಳಲಿಲ್ಲ.’ ಮಂಗೋಲಿಯದ ರಾಣಿ ನಮ್ಮೂರ ಭಾಷೆಯಲ್ಲಿ ಇಲ್ಫರ್ಡಿನ ಗೋಡೆ ನಡುಗುವಂತೆ ಕೂಗಿದಳು. ಪಕ್ಕದ ಮನೆಯವರು ಗೋಡೆ ಕುಟ್ಟಿದರು.

ಓಸ್ವಿನ್ ತಲೆ ತಗ್ಗಿಸಿ ಕೂತಿದ್ದ. ಮೆಟಿಲ್ಡಾ ಮಾತ್ರ, ‘ಬೈದದ್ದು ಕಮ್ಮಿಯೇ ಆಯ್ತು ಮಾರಾಯ್ತಿ. ನಾನಾಗಿದ್ರೆ ಆ ಎರಡು ಹುಡುಗರಿಗೆ ಒಂದು ವಾರ ಅನ್ನ ಹಾಕ್ತಿರ್ಲಿಲ್ಲ’ ಎಂದಳು. ಸಮರ್ಥ ಅಳುತ್ತಿದ್ದ. ‘ಐ ಡೋಂಟ್ ವಾಂಟ್ ಟು ಬಿ ದ ಕಿಂಗ್’ ಎಂದ. ವಿನಾಯಕ ಅವನ ತಲೆಗೆ ಮೆಲ್ಲಗೆ ಮೊಟಕಿ, ‘ಯಾರು ಮಾಡ್ತಾರೋ ನಿನ್ನ ಕಿಂಗು? ಮೊದಲು ಮೂಗು ಒರೆಸ್ಕೋ’ ಎಂದ. ಮತ್ತೆ ಹೋಲ್ಡರ್ ಕೈಗೆತ್ತಿಕೊಂಡ.

ನಾನು ಕೇಳುವುದು ಇಷ್ಟು. ಬರುವ ಭಾನುವಾರ ನೀವು ಇಲ್ಲಿಗೆ ಬರಬೇಕು. ಚಂದ್ರಿಕಾ ಅವರನ್ನೂ ಕರೆದುಕೊಂಡು ಬನ್ನಿ. ಯಾರ ಮುಂದೆ ಹುಡುಗನನ್ನು ಕೊಂದಿರೋ ಅವರ ಮುಂದೆಯೇ ಆಗಬೇಕು. ಅಧ್ಯಾಯವನ್ನು ತಿದ್ದಿ ತಂದು, ತಾಯಿಯ ಬೈಗುಳವನ್ನು ನಿಮ್ಮ ಬಾಯಿಂದ ಓದಿ. ಅಲ್ಲಿಯವರೆಗೆ ನಾನೂ ಸಮರ್ಥನೂ ಕ್ವೀನ್ಸ್‌ಬರಿಗೆ ಬರುವುದಿಲ್ಲ. ನಿಮ್ಮ ಕೈಬರಹವನ್ನು ನಾನು ಇನ್ನು ಟೈಪ್ ಮಾಡುವುದಿಲ್ಲ. ಹನ್ನೊಂದು ಅಧ್ಯಾಯ ಮಾಡಿದ್ದು ಸಾಕು.

ನಿನ್ನೆ ಕಥೆ ಕೇಳಿದವರೆಲ್ಲ ಇವತ್ತು ಬೆಳಿಗ್ಗೆ ಏನು ಮಾಡಿದರು ಎಂದು ಹೇಳಿ ಮುಗಿಸುತ್ತೇನೆ. ಮೆಟಿಲ್ಡಾ ಪಕ್ಕದ ಮನೆಗೆ ಹೋಗಿ, ನಿನ್ನೆ ಗಲಾಟೆಯಾದದ್ದು ನಮ್ಮಲ್ಲಿ ಒಂದು ಸಾವಿನ ಸಂಗತಿಗೆ ಎಂದು ಹೇಳಿ ಬಂದಳು. ಓಸ್ವಿನ್ ಆರೂವರೆಗೆ ವ್ಯಾನ್ ತೆಗೆದ. ಸಮರ್ಥ ನಾನು ಹೇಳುವ ಮೊದಲೇ ಎದ್ದು, ಎರಡು ಬ್ರೆಡ್ ಟೋಸ್ಟ್ ಮಾಡಿ, ಬೆಣ್ಣೆ ಚಟ್ನಿಪುಡಿ ಹಚ್ಚಿ ಅಣ್ಣನ ಡಬ್ಬಿಗೆ ಹಾಕಿದ. ಒಂದು ಕರಕಾಗಿತ್ತು. ವಿನಾಯಕ ಡಬ್ಬಿ ತೆಗೆದುಕೊಂಡು ವ್ಯಾನ್ ಹತ್ತಿದವನು ಮತ್ತೆ ಇಳಿದು ಬಂದ. ‘ಸಂಜೆ ಇರ್ತೀಯಾ?’ ಎಂದು ಕೇಳಿದ. ಇರ್ತೀನಿ ಎಂದೆ. ಹೋದ.

ಇಂತಿ,
ಕೃಷ್ಣವೇಣಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಬೆಖ್ತರನ ಅಧ್ಯಾಯವನ್ನು ನೀವು ಓದುವ ಮೂರು ದಿನ ಮೊದಲೇ, ಗುರುವಾರ, ನಾನು ಟೈಪ್ ಮಾಡಿದ್ದೆ. ತಾಯಿಯ ಬೈಗುಳ ಇಲ್ಲದ್ದು ಅವತ್ತೇ ಕಂಡಿತ್ತು. ಆ ಸೋಮಾರಿ ಯಾರೆಂದೂ ತಿಳಿದಿತ್ತು. ಆದರೂ ಎರಡು ಕಾಗುಣಿತದ ತಪ್ಪು ತಿದ್ದಿ ನಿಮ್ಮ ಮೇಜಿನ ಮೇಲಿಟ್ಟೆ. ಯಾಕೆಂದರೆ ಅಲ್ಲಿ ಬಿಲ್ಲು ಹಿಡಿದವನು ಸಮರ್ಥ, ನನ್ನ ಹೊಟ್ಟೆಯಲ್ಲಿ ಹುಟ್ಟಿದವನು; ಓದುವಾಗ ಒಂದು ಗಳಿಗೆ ನನಗೆ ಹಿತವಾಗಿತ್ತು. ಇದು ವಿನಾಯಕನಿಗೆ ಗೊತ್ತಿಲ್ಲ. ಸಂಜೆ ಅವನು ಬಂದ ಮೇಲೆ, ನಿಮ್ಮ ಬಾಯಿಂದ ತಿಳಿಯುವ ಮೊದಲು, ನಾನೇ ಹೇಳುತ್ತೇನೆ.